ತಗಡುಕೇರಿಯ ಅಳಿಯ

ನಮ್ಮೂರಿನಲ್ಲಿ ಬೇಸಿಗೆ ಎಲ್ಲರ ಮನೆಗೂ ಒಂದೇ ಸಲ ಬರುವುದಿಲ್ಲ. ಒಂದು ಬೀದಿಯನ್ನು ಆರಿಸಿಕೊಂಡು ಅಲ್ಲಿ ಬಂದು ಕೂರುತ್ತದೆ. ಕೂತಷ್ಟು ದಿನ ಆ ಬೀದಿಯವರು ಬೆಂದು ಹೋಗುತ್ತಾರೆ, ಪಕ್ಕದ ಬೀದಿಯವರು ಜಗಲಿಯ ಮೇಲೆ ಬಿಸಿ ಕಾಫಿ ಕುಡಿಯುತ್ತ ಅಯ್ಯೋ ಪಾಪ ಅನ್ನುತ್ತಿರುತ್ತಾರೆ. ಆಮೇಲೆ ಒಂದು ದಿನ ಹೇಳದೆ ಕೇಳದೆ ಎದ್ದು ಇನ್ನೊಂದು ಬೀದಿಗೆ ಹೋಗುತ್ತದೆ. ಬಂದರೆ ಕೂರು ಅನ್ನಬೇಕು, ಹೋಗು ಅನ್ನುವ ಹಾಗಿಲ್ಲ, ಮನೆಯ ಒಳ್ಳೇ ಜಾಗವೆಲ್ಲ ಅದಕ್ಕೇ ಬೇಕು, ಎಷ್ಟು ದಿನ ಇರುತ್ತದೋ ಕೇಳಲು ಯಾರಿಗೂ ಧೈರ್ಯವಿಲ್ಲ. ಹಾಗಾಗಿ ಹಿಂದಿನವರು ಅದಕ್ಕೆ ಅಳಿಯ ಎಂದು ಹೆಸರಿಟ್ಟರು. ಊರಿನ ಗಂಡಸರಿಗೆ ಈ ಹೆಸರಿನ ಬಗ್ಗೆ ಸ್ವಲ್ಪ ಬೇಜಾರಿದೆ, ಇದ್ದರೆ ಇರಲಿ.

ಇವತ್ತು ಅಳಿಯ ಎಲ್ಲಿ ಕೂತಿದ್ದಾನೆ ಎಂದು ಬೆಳಗ್ಗೆ ಹಾಲಿನವನೇ ಹೇಳಿಬಿಡುತ್ತಾನೆ. ಹಪ್ಪಳ ಸಂಡಿಗೆ ಹಾಕುವವರು ಚಾಪೆ ಹೊತ್ತುಕೊಂಡು ಆ ಬೀದಿಗೆ ಓಡುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು, ಹೋದ ವರ್ಷ ನಿಮ್ಮಲ್ಲಿ ಎಷ್ಟು ದಿನ ಕೂತಿದ್ದ ಎಂದು ಕೇಳುತ್ತಾರೆ. ಆಫೀಸರುಗಳ ಬೀದಿಯಲ್ಲಿ ಅವನು ಒಂದು ಹಗಲು ಕೂತರೆ ಹೆಚ್ಚು. ಅಲ್ಲಿ ಸಾಲುಮರ, ಲಾವಂಚದ ಪರದೆ, ಎರಡು ಹೊತ್ತೂ ಅಂಗಳಕ್ಕೆ ನೀರು. ನೆರಳು ಅವನಿಗೆ ಆಗಿಬರುವುದಿಲ್ಲ, ಬೀದಿಗೆ ನೀರು ಚೆಲ್ಲಿದರೆ ಮುನಿಸಿಕೊಂಡು ಎದ್ದು ಹೋಗುತ್ತಾನೆ. ನಮ್ಮ ತಗಡುಕೇರಿಯಲ್ಲಿ ಮರವಿಲ್ಲ, ನಲ್ಲಿಗೆ ಮನಸ್ಸು ಬಂದ ದಿನ ನೀರು, ಅದು ಕುಡಿಯಲಿಕ್ಕೇ ಸಾಲದು. ಮೇಲೆ ನೋಡಿದರೆ ಈ ತುದಿಯಿಂದ ಆ ತುದಿಗೆ ತಗಡಿನ ಮಾಡು. ಬಂದನೆಂದರೆ ಬೇರೂರಿದನೆಂದೇ ಲೆಕ್ಕ. ಕೇರಿ ಖಾಲಿ ಮಾಡಿಕೊಂಡು ಹೋಗಿಬಿಡಿ ಎಂದು ಬುದ್ಧಿವಂತರು ಹೇಳುತ್ತಾರೆ. ನಿಜ, ಖಾಲಿ ಬೀದಿಯಲ್ಲಿ ಅವನು ಕೂರುವುದಿಲ್ಲ. ಆದರೆ ಅಷ್ಟೂ ಜನ ಮಡಕೆ ಕುಡಿಕೆ ಹೊತ್ತು ಯಾರ ಮನೆಗೆ ಹೋಗಿ ನಿಲ್ಲುವುದು ಎಂದು ಅವರನ್ನು ಕೇಳಿದರೆ ತಕ್ಷಣ ಏನೋ ಕೆಲಸ ನೆನಪಾಗುತ್ತದೆ.

ಕೇರಿಯ ಬಾಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡವಳು ನಾನು. ಎಲ್ಲರ ಬಟ್ಟೆಯ ಸುಕ್ಕೂ ಗೊತ್ತು, ಎಲ್ಲರ ಮನೆಯ ಸುಕ್ಕೂ ಗೊತ್ತು. ಹೇಳಹೊರಟಿರುವುದು ಮಾತ್ರ ನನ್ನ ವಿಷಯವಲ್ಲ, ಹೂ ಮಾರುವ ಮುದ್ದಕ್ಕನದು. ಮುದ್ದಕ್ಕ ಗಟ್ಟಿಗಿತ್ತಿ, ಗಂಟಲೂ ಗಟ್ಟಿ. ಬೆಳಗ್ಗೆ ಮಾರುಕಟ್ಟೆಯಿಂದ ಮೊಗ್ಗು ತಂದು, ಬಾಳೆ ಎಲೆ ಹಾಸಿದ ಬುಟ್ಟಿಯಲ್ಲಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಗಳಿಗೆಗೊಮ್ಮೆ ನೀರು ಚಿಮುಕಿಸಿ ಸಂಜೆಯವರೆಗೆ ಕಾಪಾಡುತ್ತಿದ್ದಳು. ಬಾಡಿದ ಹೂ ಮಾರಿದಳು ಎಂದು ಯಾರ ಕೈಲೂ ಅನ್ನಿಸಿಕೊಂಡವಳಲ್ಲ. ಯಾವುದೇ ವಸ್ತು ಬೆಲೆಬಾಳುವುದು ಎಂದು ಗೊತ್ತಾದರೆ ಸಾಕು, ಅದನ್ನು ತಣ್ಣಗಿಡಲೆಂದೇ ಅವಳ ಕೈ ಹೋಗುತ್ತಿತ್ತು. ಗಂಡ ಬದುಕಿದ್ದಾಗ ಅವನಿಗೆ ಜ್ವರ ಬಂದರೂ ಅದೇ ಗೋಣಿ ಹೊದಿಸಿದ್ದಳಂತೆ. ಅವಳಿಗೆ ಜೀವದ ಗೆಳತಿ ಒಬ್ಬಳು, ಎದುರು ಮನೆಯ ಚೌಡಕ್ಕ. ಮರಳಿನ ಬಾಣಲೆಯಲ್ಲಿ ಕಡಲೆಕಾಯಿ ಹುರಿದು ಟಾಕೀಸಿನ ಮುಂದೆ ಮಾರುವವಳು. ಚಿಕ್ಕವರಾಗಿದ್ದಾಗಿನಿಂದ ಇಬ್ಬರೂ ಜಗಳವಾಡಿಕೊಂಡೇ ಬದುಕಿದವರು.

ಹೋದ ಮಾಘದಲ್ಲಿ ವಿಮೆ ಕಂಪನಿಯಿಂದ ಭಾರ್ಗವಿ ಎಂಬ ಹುಡುಗಿ ಕೇರಿಗೆ ಬಂದಳು. ಹಿಂದೆಯೂ ವಿಮೆಯವರು ಬಂದಿದ್ದರು. ಮನೆ ಯಾರ ಹೆಸರಲ್ಲಿದೆ, ಗಂಡನ ಸಹಿ ಎಲ್ಲಿ, ವರಮಾನಕ್ಕೆ ಸಾಕ್ಷಿ ಏನು ಎಂದು ಕೇಳಿ, ನಮ್ಮ ಮುಖ ನೋಡಿ, ಚಹಾ ಕುಡಿದು ಹೋಗಿದ್ದರು. ಈ ಹುಡುಗಿ ಚಹಾ ಕುಡಿಯಲಿಲ್ಲ, ನೇರ ವಿಷಯಕ್ಕೆ ಬಂದಳು. ಕೈಯಲ್ಲೊಂದು ಬಿಳಿ ಡಬ್ಬಿ. ಅದರ ಮುಖದಲ್ಲಿ ಒಂದು ಮುಳ್ಳು, ಒಂದು ಕೆಂಪು ಗೆರೆ.

"ಈ ಡಬ್ಬೀನ ನಿಮ್ಮ ಕಂಬಕ್ಕೆ ಹಾಕ್ತೀವಿ. ದಿನಾ ಮಧ್ಯಾಹ್ನ ಮೂರು ಗಂಟೆಗೆ ಇದು ಕಾವು ನೋಡಿ ತಾನೇ ನಮ್ಮ ಆಫೀಸಿಗೆ ತಿಳಿಸುತ್ತೆ. ಸತತ ಮೂರು ದಿನ ಮುಳ್ಳು ಕೆಂಪು ಗೆರೆ ದಾಟಿದ್ರೆ, ವಿಮೆ ಕಟ್ಟಿದ ಪ್ರತಿಯೊಬ್ಬ ಹೆಂಗಸಿಗೂ ದುಡ್ಡು ಬರುತ್ತೆ. ಬಿಸಿಲು ಅಂತ ಕೆಲಸ ಬಿಟ್ಟು ಕೂತ್ರೂ ಹೊಟ್ಟೆಗೆ ತೊಂದ್ರೆ ಇರಲ್ಲ. ಮನೆ ಪತ್ರ ಬೇಡ, ಗಂಡನ ಸಹಿ ಬೇಡ, ಯಾರ ಕೈಕಾಲೂ ಹಿಡಿಯೋದು ಬೇಡ," ಎಂದಳು.

"ಸತ್ತರೆ ಎಷ್ಟು ಕೊಡ್ತೀರಾ?" ಎಂದು ಚೌಡಕ್ಕ ಕೇಳಿದಳು.

"ಇಲ್ಲಮ್ಮ, ಇದು ಬದುಕಿರೋರಿಗೆ."

"ಹಂಗಾರೆ ಸರಿ. ಸತ್ ಮೇಲೆ ಕೊಡೋದಾದ್ರೆ ಅದು ನನ್ ಗಂಡನ ಕೈ ಸೇರುತ್ತೆ. ಅವನು ಖುಷಿಯಾಗಿರೋದು ನಂಗಿಷ್ಟ ಇಲ್ಲ."

ಆದರೂ ಯಾರೂ ಮುಂದೆ ಬರಲಿಲ್ಲ. ಬರದ ದುಡ್ಡಿಗೆ ಇರುವ ದುಡ್ಡು ಕೊಡುವುದೆಂದರೆ ನಮಗೆ ಹೊಟ್ಟೆ ಉರಿಯುತ್ತದೆ. ಮನೆ ಮನೆಗೆ ಹೋಗಿ ಒಬ್ಬೊಬ್ಬರನ್ನೂ ಒಪ್ಪಿಸಿದವಳು ಮುದ್ದಕ್ಕ. ನನ್ನ ಗಾಡಿಯ ಮುಂದೆ ನಿಂತು, ನಾನು ಹೂಂ ಅನ್ನುವವರೆಗೆ ಇಸ್ತ್ರಿ ಪೆಟ್ಟಿಗೆಯ ಹಿಡಿ ಬಿಡಲಿಲ್ಲ. ಚೌಡಕ್ಕನಿಗೆ ಅವಳು ಹೇಳಿದ್ದು ಒಂದೇ ಮಾತು: "ಅಳಿಯ ಬಂದು ಕೂತ್ನಾ, ನಿಂಗೆ ಮಳೆ ಬೀಳೋಗಂಟ ಬಾಣಲೆ ಮುಟ್ಟೋ ಕೆಲಸ ಇಲ್ಲ." ಚೌಡಕ್ಕನ ಬಾಯಿ ಮುಚ್ಚಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಬುದ್ಧಿ ಬಂದಾಗಿನಿಂದ ಬೆಂಕಿಯ ಮುಂದೆ ಕೂತವಳು ಅವಳು. ಮೇಲೆ ಕಾದ ತಗಡು, ಮುಂದೆ ಕಾದ ಮರಳು. ಆಮೇಲೆ ಯಾರು ಸಿಕ್ಕಿದರೂ ಇದೇ ಮಾತು, ಮಧ್ಯಾಹ್ನ ಹೊತ್ತು ಪಕ್ಕದ ಬೀದಿಗೆ ಹೋಗಿ ಯಾರದ್ದಾದರೂ ಜಗಲಿ ಮೇಲೆ ಕಾಲು ಚಾಚಿ ಮಲಗ್ತೀನಿ, ಎಬ್ಬಿಸಿದರೆ ಒದೀತೀನಿ. ಹೀಗೆ ಕೇರಿಯ ಅಷ್ಟೂ ಹೆಂಗಸರು ವಿಮೆ ಕಟ್ಟಿದರು. ಮುದ್ದಕ್ಕನ ಮಾತು ನಂಬಿ ಕಟ್ಟಿದರು, ಕಂಪನಿಯ ಮಾತು ನಂಬಿ ಅಲ್ಲ.

ಭಾರ್ಗವಿ ಡಬ್ಬಿಯನ್ನು ಮುದ್ದಕ್ಕನ ಮನೆಯ ಮುಂದಿನ ಕಂಬಕ್ಕೆ ಹಾಕಿಸಿ, "ಜೋಪಾನ ಅಮ್ಮ, ಇದು ಕೆಟ್ಟರೆ ಯಾರಿಗೂ ದುಡ್ಡು ಬರಲ್ಲ," ಎಂದು ಹೇಳಿ ಹೋದಳು. ಅದೊಂದು ಮಾತನ್ನು ಆ ಹುಡುಗಿ ಹೇಳಬಾರದಿತ್ತು.

ಶಿವರಾತ್ರಿ ಕಳೆದ ಮೇಲೆ ಅಳಿಯ ಬಂದ. ಬಂದವನು ನಮ್ಮ ಕೇರಿಗೇ ಬಂದ. ಮೊದಲ ಸಲ ನಾವು ಅವನನ್ನು ನೋಡಿ ಮುಖ ಸಿಂಡರಿಸಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ತಗಡು ಚಟಚಟ ಎಂದಿತು, ಬಾಗಿಲ ಚಿಲಕ ಮುಟ್ಟಲಾಗಲಿಲ್ಲ, ನಾಯಿಗಳು ಗಂಟುಮೂಟೆ ಇಲ್ಲದ ಅದೃಷ್ಟವಂತರಾದ್ದರಿಂದ ಮೊದಲ ದಿನವೇ ಕೇರಿ ಬಿಟ್ಟವು. ಗಂಡಸರು ಕೆಲಸವಿದೆ ಎಂದು ಹೇಳಿ ಆಫೀಸರುಗಳ ಬೀದಿಯ ಮರದ ಕೆಳಗೆ ಇಸ್ಪೀಟಾಡಲು ಹೋದರು. ಇರಲಿ ಇರಲಿ, ಮೂರು ದಿನ ತಾನೇ ಎಂದು ನಾವು ತಡೆದುಕೊಂಡೆವು. ಮೂರು ದಿನವಾಯಿತು, ದುಡ್ಡು ಬರಲಿಲ್ಲ. ವಾರವಾಯಿತು, ಬರಲಿಲ್ಲ. ಭಾರ್ಗವಿಗೆ ಫೋನ್ ಮಾಡಿದರೆ, ಡಬ್ಬಿ ಪ್ರಕಾರ ನಿಮ್ಮ ಕೇರಿಯಲ್ಲಿ ಹವಾ ಚೆನ್ನಾಗಿದೆಯಲ್ಲ ಅಮ್ಮ ಎಂದಳು. ಈ ಮಾತು ಕೇಳಿ ಚೌಡಕ್ಕ ಫೋನಿಗೇ ಉಗಿಯಲು ಹೋದಳು.

ಕಟ್ಟಿದವರೆಲ್ಲ ಮುದ್ದಕ್ಕನ ಮೇಲೆ ಬಿದ್ದರು. ನಾಲಿಗೆಗೆ ಬಂದದ್ದನ್ನು ಅಂದರು. ಕಂಪನಿಯವರ ಹತ್ತಿರ ಕಮಿಷನ್ ತಿಂದಿದ್ದೀಯ ಎಂದೂ ಒಬ್ಬಳು ಅಂದಳು. ಮುದ್ದಕ್ಕನಿಗೆ ಬೈಗುಳದ ನೋವಿರಲಿಲ್ಲ. ಚೌಡಕ್ಕ ಏನೂ ಅನ್ನದೆ ಮತ್ತೆ ಒಲೆ ಹಚ್ಚಿ ಬಾಣಲೆ ಇಟ್ಟಿದ್ದಳಲ್ಲ, ಅದು ನೋಯುತ್ತಿತ್ತು. ಗೆಳತಿಯ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು, ತುಟಿ ಒಡೆದಿತ್ತು. ನನ್ನ ಮಾತು ಕೇಳಿ ಇವಳು ಕೆಟ್ಟಳು ಎಂದು ಮುದ್ದಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಕಡೆಗೆ ಭಾರ್ಗವಿಯೇ ಬಂದಳು. ಕೇರಿಯ ಒಳಗೆ ಕಾಲಿಡುತ್ತಲೇ ಅವಳ ಕನ್ನಡಕ ಮಂಜಾಯಿತು, ಮುಖ ಬೆವರಿ ತೊಪ್ಪೆಯಾಯಿತು. ಇಷ್ಟು ಕಾವಿದ್ದೂ ಡಬ್ಬಿಗೆ ಏನು ರೋಗ ಎಂದು ಕಂಬದ ಹತ್ತಿರ ಹೋಗಿ ನೋಡಿದಳು. ನೋಡುತ್ತಲೇ ನಿಂತಳು.

ಡಬ್ಬಿಯ ಮೇಲೆ ಒಂದು ಕಪ್ಪು ಕೊಡೆ ಕಟ್ಟಿತ್ತು. ಕೊಡೆಯ ಕೆಳಗೆ ಬಾಳೆ ಎಲೆ. ಎಲೆಯ ಕೆಳಗೆ ಒದ್ದೆ ಗೋಣಿ, ಎರಡು ಸುತ್ತು. ಮೇಲೊಂದು ತೂತು ಮಾಡಿದ ಮಡಕೆ ನೇತುಬಿಟ್ಟು, ಅದರಿಂದ ಗೋಣಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಂದವಾಗಿರಲಿ ಎಂದು ಒಂದು ಮೊಳ ಮಲ್ಲಿಗೆಯನ್ನೂ ಮುಡಿಸಿತ್ತು. ಇಡೀ ಕೇರಿಯಲ್ಲಿ ತಣ್ಣಗಿದ್ದದ್ದು ಅದೊಂದೇ.

"ಇದೇನಮ್ಮ ಇದು?" ಎಂದಳು ಭಾರ್ಗವಿ.

"ನೀವೇ ಹೇಳಿದ್ರಲ್ಲ ತಾಯಿ, ಜೋಪಾನ ಅಂತ," ಎಂದಳು ಮುದ್ದಕ್ಕ. "ಈ ಕಾವಿಗೆ ಮನುಷ್ಯರೇ ಕೆಟ್ಟೋಗ್ತಾರೆ, ಇದು ಪಾಪ ಪ್ಲಾಸ್ಟಿಕ್ಕು. ನಾವು ಕುಡಿಯೋ ನೀರಲ್ಲಿ ಉಳಿಸಿ ಇದಕ್ಕೆ ಹಾಕಿದೀನಿ. ನನ್ ಹೂವಿಗೂ ಇಷ್ಟು ಮಾಡಿಲ್ಲ."

ಭಾರ್ಗವಿ ಅಲ್ಲೇ ಇದ್ದ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಕಲ್ಲು ಕಾದಿತ್ತು, ತಕ್ಷಣ ಎದ್ದಳು. ಆಮೇಲೆ ನಿಂತುಕೊಂಡೇ ಎಲ್ಲರಿಗೂ ಬಿಡಿಸಿ ಹೇಳಿದಳು, ಡಬ್ಬಿಗೆ ಎಷ್ಟು ಸೆಕೆಯಾಗುತ್ತದೋ ಅಷ್ಟನ್ನೇ ಅದು ಹೇಳುವುದು, ನಮ್ಮ ಸೆಕೆ ಅದಕ್ಕೆ ಗೊತ್ತಿಲ್ಲ ಎಂದು. ಮುದ್ದಕ್ಕನೊಬ್ಬಳನ್ನೇ ಬೈಯುವ ಹಾಗೂ ಇರಲಿಲ್ಲ, ದಾರಿಯಲ್ಲಿ ಹೋಗುವಾಗ ಬರುವಾಗ ನಾವೆಲ್ಲರೂ ಪುಣ್ಯದ ಕೆಲಸವೆಂದು ಅದಕ್ಕೆ ಒಂದೊಂದು ಚೊಂಬು ನೀರು ಹಾಕಿದವರೇ. ಇಸ್ತ್ರಿಗೆ ಚಿಮುಕಿಸುವ ನೀರಿನಲ್ಲಿ ನಾನೂ ಹಾಕಿದ್ದೆ. ಮುದ್ದಕ್ಕ ಮಾತ್ರ ಕಂಬವನ್ನು ಹಿಡಿದುಕೊಂಡು, ಚೌಡಕ್ಕನ ಮನೆಯ ಕಡೆ ತಿರುಗದೆ ನಿಂತಿದ್ದಳು.

ಭಾರ್ಗವಿ ದೂರ ಹೋಗಿ ಮೇಲಿನವರಿಗೆ ಫೋನ್ ಮಾಡಿದಳು. ಸರ್, ನಾನೇ ಕಣ್ಣಾರೆ ನೋಡ್ತಿದೀನಿ ಸರ್ ಎಂದು ಬೇಡಿಕೊಂಡದ್ದು ನಮಗೆಲ್ಲ ಕೇಳಿಸಿತು. ವಾಪಸು ಬಂದು, "ಡಬ್ಬಿ ಹೇಳಿದ್ದೇ ಲೆಕ್ಕ ಅಂತಾರೆ. ಹೋದ ದಿನಗಳು ಹೋದವು. ಈಗ ಇದನ್ನೆಲ್ಲ ಬಿಚ್ಚಿಬಿಡಿ. ಇವತ್ತಿಂದ ಮೂರು ದಿನ ಅಳಿಯ ಇಲ್ಲೇ ಇದ್ರೆ ದುಡ್ಡು ಬಂದೇ ಬರುತ್ತೆ," ಎಂದಳು.

"ಅವನು ಇವತ್ತೋ ನಾಳೆನೋ ಏಳೋ ಹಂಗವ್ನೆ," ಎಂದಳು ಯಾರೋ. ನಿಜವಿತ್ತು. ಹಿಂದಿನ ಸಂಜೆ ಕೇರಿಯ ಕೆಳತುದಿಯಲ್ಲಿ ಸಣ್ಣಗೆ ಗಾಳಿಯಾಡಿತ್ತು, ಅದು ಅವನು ಚಪ್ಪಲಿ ಹುಡುಕುವ ಲಕ್ಷಣ.

ಆಗ ಚೌಡಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಸೊಂಟದ ಮೇಲೆ ಕೈಯಿಟ್ಟು ಮುದ್ದಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ಅಳಿಯನ್ನ ಓಡ್ಸೋದು ಕಷ್ಟ ಕಣೇ, ಇಟ್ಕೊಳ್ಳೋದೇನು ಕಷ್ಟ. ಉಪಚಾರ ಮಾಡಿದ್ರೆ ಯಾವನು ಎದ್ದೋಗ್ತಾನೆ?" ಎಂದಳು.

ಹಾಗೆ ನಾವು, ಹುಟ್ಟಿದಾಗಿನಿಂದ ಅವನಿಗೆ ಶಾಪ ಹಾಕಿದವರು, ಅವನಿಗೆ ಉಪಚಾರ ಶುರು ಮಾಡಿದೆವು. ನೆರಳಿಗೆಂದು ಕಟ್ಟಿದ್ದ ಹಳೇ ಸೀರೆಗಳನ್ನೆಲ್ಲ ಬಿಚ್ಚಿದೆವು. ಬಚ್ಚಲ ಹಿಂದೆ ಬಿದ್ದಿದ್ದ ಒಡಕು ತಗಡುಗಳನ್ನು ತಂದು ಬೀದಿಗೆ ಹಾಸಿದೆವು. ಮಕ್ಕಳನ್ನೂ ಬಾಣಂತಿಯರನ್ನೂ ಮುದುಕರನ್ನೂ ಬೇರೆ ಬೀದಿಯ ನೆಂಟರ ಮನೆಗೆ ಸಾಗಿಸಿದೆವು. ಬೀದಿಗೆ ಹನಿ ನೀರೂ ಬೀಳಬಾರದೆಂದು ಕೊಡ, ಪೀಪಾಯಿ ಎಲ್ಲ ಒಳಗಿಟ್ಟು ಮುಚ್ಚಿದೆವು. ಕೇರಿ ಖಾಲಿಯಾದರೆ ಅವನು ಕೂರುವುದಿಲ್ಲವಲ್ಲ, ಅದಕ್ಕೆ ವಿಮೆ ಕಟ್ಟಿದವರೆಲ್ಲ ಬಾಗಿಲ ಮುಂದೆ ಕೂತೆವು. ಅಳಿಯಂದಿರೇ ಕಾವು ಸಾಕಾ, ಇನ್ನೊಂದು ಚೂರು ಬಡಿಸಲಾ ಎಂದು ಒಬ್ಬಳು ಆಕಾಶಕ್ಕೆ ಕೇಳಿ ನಮ್ಮನ್ನೆಲ್ಲ ನಗಿಸಿದಳು. ನಾನು ಇಸ್ತ್ರಿಗೆ ಬಟ್ಟೆಯಿಲ್ಲದಿದ್ದರೂ ಪೆಟ್ಟಿಗೆಗೆ ಕೆಂಡ ತುಂಬಿ ಊದುತ್ತ ಕೂತೆ. ಚೌಡಕ್ಕ ಮಾತ್ರ ಎಲ್ಲರನ್ನೂ ಮೀರಿಸಿದಳು. ಸೂರಿನ ಕೆಳಗೆ ಬೀದಿಯಲ್ಲೇ ಒಲೆ ಹೂಡಿ, ಬೆಳಗ್ಗೆಯಿಂದ ಬಾಣಲೆಯಲ್ಲಿ ಬರೀ ಮರಳು ಹುರಿಯತೊಡಗಿದಳು. ಇದೇ ಕೊನೇ ಹುರಿಯೋದು, ಆಮೇಲೆ ನಾನು ಮಹಾರಾಣಿ ಎಂದಳು.

ಅವನು ಕೂತ. ಮೊದಲ ದಿನ ಮೂರು ಗಂಟೆಗೆ ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು. ಎರಡನೇ ದಿನವೂ ದಾಟಿತು. ಮುದ್ದಕ್ಕನ ಬುಟ್ಟಿಯ ಹೂವೆಲ್ಲ ಸುಟ್ಟು ಕರಕಲಾಯಿತು, ಅವಳು ಅದನ್ನು ತಿರುಗಿ ನೋಡಲಿಲ್ಲ. ದಿನವಿಡೀ ಅವಳ ಕಣ್ಣು ಚೌಡಕ್ಕನ ಮೇಲೆ. ಹತ್ತಿರ ಹೋಗಿ, "ಸಾಕು ಬಾರೇ, ನೀನೊಬ್ಬಳು ಹುರೀದೆ ಹೋದ್ರೆ ಅವನೇನು ಉಪವಾಸ ಬೀಳಲ್ಲ," ಎಂದಳು. "ನೀನು ಮಾಡಿದ್ ಉಪಕಾರ ಸಾಕು, ಸುಮ್ನೆ ಕೂತ್ಕೋ," ಎಂದಳು ಚೌಡಕ್ಕ. ಮುದ್ದಕ್ಕ ವಾಪಸು ಬಂದು ಕೂತಳು.

ಮೂರನೇ ದಿನ ಮಧ್ಯಾಹ್ನ, ಎರಡೂವರೆ ಆಗಿರಬಹುದು. ಕೇರಿ ನಿಗಿನಿಗಿ ಅನ್ನುತ್ತಿತ್ತು. ಯಾರಿಗೂ ಮಾತಿನ ತ್ರಾಣವಿಲ್ಲ. ಮುಳ್ಳು ಗೆರೆಯನ್ನು ಎಷ್ಟೋ ದಾಟಿ ನಿಂತಿತ್ತು, ಇನ್ನು ಅರ್ಧ ಗಂಟೆ ಕಳೆದರೆ ಎಲ್ಲ ಮುಗಿಯಿತು. ಚೌಡಕ್ಕನ ಸಟ್ಟುಗದ ಸದ್ದು ನಿಂತದ್ದು ನನಗೆ ಗೊತ್ತಾಗಲಿಲ್ಲ, ಮುದ್ದಕ್ಕನಿಗೆ ಗೊತ್ತಾಯಿತು. ತಿರುಗಿ ನೋಡುವಷ್ಟರಲ್ಲಿ ಚೌಡಕ್ಕ ಒಲೆಯ ಪಕ್ಕಕ್ಕೆ ವಾಲಿ ಬಿದ್ದಿದ್ದಳು. ಮುದ್ದಕ್ಕ ಓಡಿ ಹೋಗಿ ಅವಳನ್ನು ಬೆಂಕಿಯಿಂದ ಈಚೆಗೆ ಎಳೆದಳು. ನಾವೂ ಓಡಿದೆವು. ಮೈ ಕೆಂಡದ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಕರೆದರೆ ಓಗೊಡಲಿಲ್ಲ, ಬಾಯಲ್ಲಿ ಏನೋ ಅರ್ಥವಾಗದ ಮಾತು.

"ಒಳಕ್ಕೆ ಎಳ್ಕೊಳ್ರೇ, ಒದ್ದೆ ಬಟ್ಟೆ ಹಾಕಣ. ಇನ್ನೇನು ಮೂರಾಗೋಯ್ತು," ಎಂದಳು ಒಬ್ಬಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಮ್ಮೆಲ್ಲರ ಮನಸ್ಸಿನಲ್ಲೂ ಅದೇ ಇತ್ತು, ನಮ್ಮೆಲ್ಲರ ಕಣ್ಣೂ ಒಂದು ಗಳಿಗೆ ಕಂಬದ ಕಡೆ ಹೋಗಿ ಬಂದವು. ಒಳಗೆ ತಗಡಿನ ಕೆಳಗೆ ಹೊರಗಿಗಿಂತ ಹೆಚ್ಚು ಕಾವಿದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಮುದ್ದಕ್ಕ ಕಂಬದ ಕಡೆ ನೋಡಲೇ ಇಲ್ಲ. ಎದ್ದು ತನ್ನ ಮನೆಗೆ ನುಗ್ಗಿದಳು. ಹೂವಿಗೆಂದು ತುಂಬಿಟ್ಟುಕೊಂಡಿದ್ದ ಪೀಪಾಯಿಯನ್ನು ಒಬ್ಬಳೇ ಹೊಸ್ತಿಲು ದಾಟಿಸಿ, ಚೌಡಕ್ಕನ ತಲೆಯ ಹತ್ತಿರಕ್ಕೆ ದೂಡಿ ತಂದು, ಮುಚ್ಚಳ ಎಸೆದು ಉರುಳಿಸಿಯೇ ಬಿಟ್ಟಳು. ನೀರು ಚೌಡಕ್ಕನ ಮೈಮೇಲೆ ಹರಿದು, ಕಾದ ತಗಡುಗಳ ಮೇಲೆ ಚುಂಯ್ ಎಂದು ಹಬೆಯೆದ್ದಿತು. "ಏನ್ರೇ ನೋಡ್ತಾ ನಿಂತಿದೀರಾ, ತಗಂಬರ್ರೇ ನೀರು," ಎಂದಳು. ಒಬ್ಬೊಬ್ಬರೂ ಮನೆಯಲ್ಲಿದ್ದ ಕೊಡ, ಬಿಂದಿಗೆ, ಕುಡಿಯಲು ಇಟ್ಟ ಮಡಕೆಯನ್ನೂ ಬಿಡದೆ ತಂದು ಸುರಿದೆವು. ಕೇರಿಯ ತುಂಬ ನೀರು ಹರಿಯಿತು.

ಅಳಿಯ ಎದ್ದ. ಕೆಳತುದಿಯಿಂದ ಒಂದೊಂದೇ ತಗಡು ಟಕ್ ಟಕ್ ಎಂದು ತಣಿಯುತ್ತ ಬಂತು. ಅದರ ಹಿಂದೆಯೇ ಗಾಳಿ ಬಂತು. ಆಫೀಸರುಗಳ ಬೀದಿಯ ಕಡೆಯಿಂದ ಕಿಟಕಿಗಳನ್ನು ಮುಚ್ಚುವ ಸದ್ದು ಕೇಳಿಸಿತು, ಇಸ್ಪೀಟಾಡುತ್ತಿದ್ದ ನಮ್ಮ ಗಂಡಸರು ಓಡಿ ಬರುವುದು ಕಾಣಿಸಿತು. ಡಬ್ಬಿಯ ಮುಳ್ಳು ನಮ್ಮ ಕಣ್ಣೆದುರೇ ಗೆರೆಯಿಂದ ಕೆಳಗಿಳಿಯಿತು. ಆಮೇಲೆ ಮೂರು ಗಂಟೆಯಾಯಿತು, ಡಬ್ಬಿಯೊಳಗೆ ಸಣ್ಣ ದೀಪವೊಂದು ಮಿನುಗಿ ಲೆಕ್ಕ ಕಳಿಸಿತು. ಯಾರೋ ಬಿಕ್ಕಿ ಅತ್ತರು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ.

ಚೌಡಕ್ಕನಿಗೆ ಪೂರ್ತಿ ಎಚ್ಚರವಾದದ್ದು ಸಂಜೆ, ಬಂಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ ಮೇಲೆ. ಜೀವಕ್ಕೇನೂ ಭಯವಿಲ್ಲ, ಇನ್ನೊಂದು ಚೂರು ತಡವಾಗಿದ್ದರೆ ಹೇಳುವ ಹಾಗಿರಲಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಮುದ್ದಕ್ಕ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು, ಒದ್ದೆ ಸೀರೆ ಮೈಮೇಲೇ ಒಣಗಿತ್ತು. ನಾನು ಬಾಗಿಲಲ್ಲಿದ್ದೆ. ಚೌಡಕ್ಕ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಮೂರು ಗಂಟೆ ಆಯ್ತಾ?"

"ಆಯ್ತು."

"ದಾಟ್ತಾ?"

ಮುದ್ದಕ್ಕ ಇಲ್ಲ ಎಂದು ತಲೆಯಾಡಿಸಿದಳು. "ನೀರು ಚೆಲ್ಬಿಟ್ಟೆ ಕಣೇ," ಎಂದಳು.

ಚೌಡಕ್ಕ ಬೈಯಲು ಶುರು ಮಾಡಿದಳು. ಮುದ್ದಕ್ಕನ ವಂಶ, ಬುಟ್ಟಿ, ಪೀಪಾಯಿ, ಅವಳನ್ನು ಹೆತ್ತ ಗಳಿಗೆ, ಅವಳ ಮಾತಿಗೆ ಹೂಂ ಅಂದ ತನ್ನ ಬಾಯಿ, ಒಂದನ್ನೂ ಬಿಡಲಿಲ್ಲ. ದನಿ ಏಳುತ್ತಿರಲಿಲ್ಲ, ಆದರೂ ನಿಲ್ಲಿಸಲಿಲ್ಲ. "ಅರ್ಧ ಗಂಟೆ ಕಣೇ. ಅರ್ಧ ಗಂಟೆ ನಾನು ಸತ್ತೋರಂಗೆ ಬಿದ್ದಿರ್ತಿದ್ದೆ, ನಿನ್ ಗಂಟೇನು ಹೋಗ್ತಿತ್ತು? ಮೂರಾದ್ ಮೇಲೆ ಎಬ್ಬಿಸ್ಬೋದಿತ್ತಲ್ಲ. ಇನ್ನ ಸಾಯೋಗಂಟ ನಾನು ಆ ಬಾಣಲೆ ಮುಂದೆ ಕೂರ್ಬೇಕು, ನಿನ್ನಿಂದ. ಏನು ಮಾಡೋಕೂ ಬರಲ್ವಲ್ಲೇ ನಿಂಗೆ, ಮುಂಡೇದೇ." ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಇಳಿಯಿತು, ಅದಕ್ಕೂ ಸೇರಿಸಿ ಬೈದಳು.

ಮುದ್ದಕ್ಕ ಹೂಂ, ಹೂಂ ಎಂದು ಎಲ್ಲದಕ್ಕೂ ತಲೆದೂಗುತ್ತ, ಮಂಚದಿಂದ ಇಳಿಬಿದ್ದ ಗೆಳತಿಯ ಕೈಯನ್ನು ಹಿಡಿದುಕೊಂಡು ಕೂತಿದ್ದಳು. ಬಹಳ ಹೊತ್ತಾದ ಮೇಲೆ ಚೌಡಕ್ಕ ಸುಸ್ತಾಗಿ ಮಾತು ನಿಲ್ಲಿಸಿ ಕಣ್ಣು ಮುಚ್ಚಿದಳು. ಮುದ್ದಕ್ಕನ ಮುಖ ಬಿಳಿಚಿಕೊಂಡಿತು. ಎದ್ದು ಬಗ್ಗಿ ಅವಳ ಭುಜ ಹಿಡಿದು ಅಲ್ಲಾಡಿಸಿದಳು.

"ಯಾಕೇ ನಿಲ್ಲಿಸ್ದೆ? ಇನ್ನೂ ಬೈಯೇ ಚೌಡಿ, ಬೈಯೇ," ಎಂದಳು.